ಸೋಲುವ ಪಾತ್ರದ ಚಂದ್ರಮೌಳಿ ಮೇಷ್ಟ್ರು

ಚಂದ್ರಮೌಳಿ ಮೇಷ್ಟ್ರಿಗೆ ಹೊಸಿಲು ದಾಟಲು ತಾಳ ಬೇಕಿತ್ತು. ಪಾರ್ಕಿನ್ಸನ್ ಕಾಯಿಲೆ ಹಿಡಿದು ಹನ್ನೊಂದು ವರ್ಷ. ಮಾತ್ರೆಯ ಬಲ ಇಳಿಯುತ್ತಿದ್ದಂತೆ ಪಾದಗಳು ನೆಲಕ್ಕೆ ಅಂಟಿಕೊಂಡುಬಿಡುತ್ತಿದ್ದವು. ಆಗ ಒಳಗಿನಿಂದ ಪತ್ನಿ ಸುಬ್ಬಲಕ್ಷ್ಮಮ್ಮ ಚಪ್ಪಾಳೆ ತಟ್ಟಿದರೆ, ಮೂರನೆಯ ಏಟಿಗೆ ಸರಿಯಾಗಿ, ರಂಗಪ್ರವೇಶದ ಗತ್ತಿನಲ್ಲಿ ಬಲಗಾಲು ಎತ್ತಿಡುತ್ತಿದ್ದರು.

ತೀರ್ಥಹಳ್ಳಿಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದ ಮೇಷ್ಟ್ರು ಹೆಸರಾದದ್ದು ತಾಳಮದ್ದಲೆಯಲ್ಲಿ, ಅದೂ ಸೋಲುವ ಪಾತ್ರಗಳಿಗೆ. ವೇಷವಿಲ್ಲದೆ, ಕುಳಿತಲ್ಲೇ, ಬರಿಯ ಮಾತಿನಲ್ಲಿ ಕಥೆ ನಡೆಸುವ ಆ ಕಲೆಯಲ್ಲಿ, ಸೋಲು ವಿಧಿಸಲ್ಪಟ್ಟವನು ಎಷ್ಟು ಚೆನ್ನಾಗಿ ವಾದಿಸಿದರೂ ಕೊನೆಗೆ ಸೋಲಲೇಬೇಕು. ಮೇಷ್ಟ್ರು ಎದುರಾಳಿಯ ಬಾಯಿ ಕಟ್ಟಿಸಿ, ಸಭೆಯನ್ನೆಲ್ಲ ತಮ್ಮ ಕಡೆ ಎಳೆದುಕೊಂಡು, ಆಮೇಲೆ ಸಮಾಧಾನವಾಗಿ, ಅತಿಥಿಯ ಮುಂದೆ ಎಲೆಯಡಿಕೆ ತಟ್ಟೆ ಸರಿಸಿದ ಹಾಗೆ, ಗೆಲುವನ್ನು ಒಪ್ಪಿಸಿಬಿಡುತ್ತಿದ್ದರು. ಇಪ್ಪತ್ತು ವರ್ಷ ಅವರೆದುರು ಕುಳಿತು ಗೆದ್ದವನು ನಾನು. ಒಂದೂ ನನ್ನ ಸಂಪಾದನೆಯಲ್ಲ, ಎಲ್ಲವೂ ಕಥೆ ಕೊಟ್ಟ ಗೆಲುವು.

ಹಟಕ್ಕೂ ಕಡಿಮೆಯಿರಲಿಲ್ಲ. ಜುಬ್ಬದ ಗುಂಡಿ ಹಾಕಿಕೊಳ್ಳಲು ಕಾಲು ಗಂಟೆ ಹಿಡಿದರೂ ಯಾರೂ ಕೈಹಚ್ಚುವಂತಿರಲಿಲ್ಲ. ಸುಬ್ಬಲಕ್ಷ್ಮಮ್ಮ ಗುಂಡಿಯ ಬದಲು ಒತ್ತಿದರೆ ಕೂರುವ ಟಿಚ್ ಬಟನ್ ಹೊಲಿಸಿದಾಗ, ಆ ಜುಬ್ಬವನ್ನು ನನಗೆ ದಾನ ಮಾಡಿದರು. ಇಂದಿಗೂ ತೊಡುತ್ತೇನೆ, ತೋಳು ಗಿಡ್ಡ.

ಕಳೆದ ವರ್ಷ ಮಂಗಳೂರಿನ ವೈದ್ಯರು ಎರಡು ದಾರಿ ಹೇಳಿದರು. ಮಿದುಳಿಗೆ ಸಣ್ಣ ತಂತಿ ಇಳಿಸಿ, ಎದೆಯ ಚರ್ಮದಡಿ ಬ್ಯಾಟರಿ ಇಟ್ಟರೆ ನಡಿಗೆ ಸುಧಾರಿಸಬಹುದು. ಆದರೆ ಮಾತು ತೊದಲುವ ಸಾಧ್ಯತೆ ಉಂಟು. ಇಲ್ಲವೇ ಹೊಟ್ಟೆಗೆ ಕೊಳವೆ ಕೂರಿಸಿ, ಸೊಂಟಕ್ಕೆ ಕಟ್ಟಿದ ಪಂಪಿನಿಂದ ದಿನವಿಡೀ ಔಷಧ ಹರಿಸಬಹುದು. ಮಾತಿಗೆ ಅಪಾಯ ಕಡಿಮೆ, ಆದರೆ ನಡಿಗೆ ಅಷ್ಟಾಗಿ ಸುಧಾರಿಸದೆ ಇರಬಹುದು, ಕೊಳವೆಯ ಆರೈಕೆಯೂ ನಿತ್ಯದ ಕೆಲಸ. ಕಾಲು ಬೇಕೋ ನಾಲಿಗೆ ಬೇಕೋ ಎಂದು ಕೇಳಿದಂತಾಯಿತು. ನನಗಂತೂ ಅಳು ಬಂತು.

ಮೇಷ್ಟ್ರು ಅಳಲಿಲ್ಲ. ಜಗಲಿಯಲ್ಲಿ ನಾಲ್ಕಾರು ಆಪ್ತರನ್ನು ಸೇರಿಸಿ ತಾಳಮದ್ದಲೆಯ ಕೂಟವನ್ನೇ ಹೂಡಿದರು: ಪಂಪಿನ ಪರ ತಾವು, ತಂತಿಯ ಪರ ನಾನು. ಮುಕ್ಕಾಲು ಗಂಟೆ ವಾದಿಸಿ, "ತಾಳಮದ್ದಲೆಯವ ಕೂತೇ ಇರ್ತಾನೆ ಮಾರಾಯ. ಕಾಲು ಎಂತಕ್ಕೆ ನಂಗೆ?" ಎಂದಾಗ ನಾನೂ ತಲೆದೂಗಿದೆ.

ಅದುವರೆಗೆ ಯಾವ ಕೂಟದಲ್ಲೂ ತುಟಿ ಬಿಚ್ಚದ ಸುಬ್ಬಲಕ್ಷ್ಮಮ್ಮ ಬಾಗಿಲಲ್ಲೇ ನಿಂತು ಕೇಳಿದರು: "ಕೂಟ ತಿಂಗ್ಳಿಗೆ ಎರಡು. ನಿಮ್ಮನ್ನ ಎಬ್ಬಿಸಿ ಕೂರ್ಸೋದು ದಿನಕ್ಕೆ ಇಪ್ಪತ್ತು ಸಲ. ಆ ಕೊಳವೆ ತೊಳೆಯೋದೂ ನಾನೇ ಅಲ್ವಾ? ನಂಗೂ ಅರವತ್ತೆರಡಾಯ್ತು. ನನ್ನ ಸೊಂಟದ ಪರ ಯಾರು ಮಾತಾಡ್ತೀರಿ?"

ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. ಎರಡೂ ಕೈ ಜೋಡಿಸಿ ನಕ್ಕರು. "ಸೋತೆ ಮಾರಾಯ್ತಿ. ಇದು ಕಥೆಯಲ್ಲಿ ಇರ್ಲಿಲ್ಲ."

ತಂತಿ ಇಳಿಸಿ ಈಗ ಎಂಟು ತಿಂಗಳು. ನಡಿಗೆ ಸಲೀಸಾಗಿದೆ. ದನಿ ತುಸು ತಗ್ಗಿದೆ, ಉದ್ದ ವಾಕ್ಯದ ಕೊನೆಯಲ್ಲಿ ತೊಡರುತ್ತದೆ. ಮೊನ್ನೆ ಹೊಸನಗರದ ಕೂಟದಲ್ಲಿ ಹತ್ತೇ ನಿಮಿಷ ವಾದಿಸಿ, ಜನ ಇನ್ನಷ್ಟು ಬೇಕೆನ್ನುವಾಗಲೇ ಸೋತರು. ಮನೆಯ ಹೊಸಿಲಲ್ಲಿ ಈಗಲೂ ನಿಲ್ಲುತ್ತಾರೆ, ಬರಿಯ ಚಪ್ಪಾಳೆಯ ಆಸೆಗೆ. "ನಾಟಕ ಸಾಕು, ಬನ್ನಿ" ಎಂದು ಬೈಯುತ್ತಲೇ ಸುಬ್ಬಲಕ್ಷ್ಮಮ್ಮ ತಟ್ಟುತ್ತಾರೆ.

ಜೀವಮಾನವೆಲ್ಲ ಸೋಲುವ ಪಾತ್ರವನ್ನು ಅಂದವಾಗಿ ನಿರ್ವಹಿಸಿದವರಿಗೆ, ಯಾರೆದುರು ನಿಜವಾಗಿ ಸೋಲಬೇಕೆಂಬ ವಿವೇಕ ಹೊತ್ತಿಗೆ ಸರಿಯಾಗಿ ಒದಗುತ್ತದೆ. ಗೆಲ್ಲುವ ಪಾತ್ರದ ನಮ್ಮಂಥವರು ಮನೆಯಲ್ಲಿ ಇನ್ನೂ ವಾದಿಸುತ್ತಲೇ ಇರುತ್ತೇವೆ.