ಹೋರಿ ಮಾಡಿದ ಪಾಲು

ಮುತ್ತಯ್ಯ ಗೌಂಡರಿಗೆ ಸಾವು ಬಂದದ್ದು ಹಲಸಿನ ಹಣ್ಣಿನ ರೂಪದಲ್ಲಿ. ಊಟದ ಮೇಲೆ ಅರ್ಧ ಹಣ್ಣು ಮುಗಿಸಿ ಎದೆ ಹಿಡಿದುಕೊಂಡವರು, "ನನ್ನ ಕತೆ ಮುಗೀತು. ಉಸಿರಿರುವಾಗ್ಲೇ ಮಕ್ಕಳಿಗೆ ಪಾಲು ಮಾಡ್ಬುಡ್ಬೇಕು" ಎಂದು ಜಗುಲಿಯ ಮೇಲೆ ಮಲಗಿಬಿಟ್ಟರು.

ಹೆಂಡತಿ ಮೂಕಮ್ಮಾಳ್ ಓಮದ ಕಷಾಯ ತಂದಿಟ್ಟಳು. ಗಂಡ ವರ್ಷಕ್ಕೆ ಎರಡು ಸಲವಾದರೂ ಸಾಯುತ್ತಿದ್ದರು. ಕಷಾಯ ಇಳಿದ ಮೇಲೆ ಎದ್ದು ಕೂರುತ್ತಿದ್ದರು. ಈ ಸಲವೂ ಎದ್ದರು. ಆದರೆ ಎದ್ದ ಪಾಲಿನ ಮಾತು ಮತ್ತೆ ಮಲಗಲಿಲ್ಲ.

ಆ ಮನೆತನದಲ್ಲಿ ಒಂದು ಹಳೆಯ ನೇಮ: ಹಿರಿಯ ಮಗ ಪಾಲು ಕಟ್ಟಬೇಕು, ಕಿರಿಯ ಮಗ ಆರಿಸಿಕೊಳ್ಳಬೇಕು. ಹಾಗಾಗಿ ಕಟ್ಟುವವನು ಮೋಸ ಮಾಡುವಂತಿಲ್ಲ. ಆದರೆ ಹಿರಿಯ ಕಾಳಿಮುತ್ತುವಿಗೆ ಲೆಕ್ಕವೇ ಹತ್ತಲಿಲ್ಲ. ಮಲೆಯ ಮೇಲೆ ಬಿಳಿ ದೊರೆಗಳು ಪೆರಿಯಾರ್ ಹೊಳೆಗೆ ಕಟ್ಟೆ ಕಟ್ಟುತ್ತಿದ್ದರು. ನೀರು ಗುಡ್ಡ ತೂರಿಕೊಂಡು ಕಂಬಂ ಸೀಮೆಗೆ ಇಳಿಯುತ್ತದಂತೆ. ಇಳಿದರೆ, ಇವತ್ತು ಹುರುಳಿಯೂ ಏಳದ ಮೇಲ್ಹೊಲ ಬಂಗಾರವಾಗಬಹುದು. ಹೊಳೆದಂಡೆಯ ಗದ್ದೆ ಕೊಚ್ಚಿ ಹೋಗಬಹುದು. ಇಳಿಯದಿದ್ದರೆ ಗದ್ದೆ ಗದ್ದೆಯೇ. ಅಣ್ಣ ತಮ್ಮ ಇಬ್ಬರ ಕಣ್ಣೂ ಮೇಲ್ಹೊಲದ ಮೇಲೆ.

"ನಡುವಿನ ತೋಟ ಅರ್ಧ ಅರ್ಧ," ಎಂದ ಕಾಳಿಮುತ್ತು. "ಬಾವಿ ಮಧ್ಯದಲ್ಲೇ ಅದೆ. ನೀನು ಆ ಕಡೆಯಿಂದ ಸೇದು, ನಾನು ಈ ಕಡೆಯಿಂದ."

"ಅವ್ವ?" ಎಂದ ಕಿರಿಯ ಪೆರಿಯಸಾಮಿ.

"ಅವ್ವನೂ ಬಾವಿ ಹಂಗೇಡಾ ತಂಬಿ. ಆರು ತಿಂಗ್ಳು ನಂಗೆ, ಆರು ತಿಂಗ್ಳು ನಿಂಗೆ."

"ಯಾವ ಆರು ತಿಂಗ್ಳು?" ಒಳಗಿನಿಂದ ಹಿರಿಸೊಸೆ ವೀರಮ್ಮಾಳ್ ಕೂಗಿದಳು. "ಅತ್ತೆ ಉಪ್ಪಿನ್ಕಾಯಿ ಹಾಕೋ ಕಾಲ ನಮಗಿರಲಿ. ಮೊಣಕಾಲು ನೋವಿನ ಮಳೆಗಾಲ ಚಿಕ್ಕೋರಿಗೆ."

"ಅಡಡಾ! ಹಣ್ಣು ನಿಮಗೆ, ಗೊರಟೆ ನಮಗಾ ಅತ್ತಿಗೆ?" ಎಂದ ಪೆರಿಯಸಾಮಿ.

ಮೂಕಮ್ಮಾಳ್ ಅಲ್ಲೇ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ: ತೋಟದ ಬಾವಿಯ ಪಕ್ಕದ ಗುಡಿಸಲು, ಅದರೊಳಗೆ ತನ್ನದೇ ಮೂರು ಕಲ್ಲಿನ ಒಲೆ. ಮದುವೆಯಾಗಿ ಬಂದ ದಿನದಿಂದ ಅತ್ತೆಯ ಒಲೆ, ಆಮೇಲೆ ಸೊಸೆಯರ ಒಲೆ. ಈ ಆಸೆಯನ್ನು ಅವಳು ಮನೆಯ ಹೋರಿಗೆ ಮಾತ್ರ ಹೇಳಿದ್ದಳು, ಕಲಗಚ್ಚು ಕುಡಿಸುವಾಗ. ಅದೊಂದೇ ಅವಳ ಮಾತು ಮುಗಿಯುವವರೆಗೆ ಕಿವಿ ಅಲ್ಲಾಡಿಸುತ್ತ ನಿಲ್ಲುತ್ತಿತ್ತು.

ಜಗಳ ಊರ ಹಿರಿಯನ ಬಳಿಗೆ ಹೋಯಿತು. ಆತ ಎಲೆಯಡಿಕೆ ಜಗಿದು ಮುಗಿಸಿ ಹೇಳಿದ: "ನಮ್ಮ ದೇವರ ಆವುಗಳ ಹಿಂಡಿಗೆ ಪಟ್ಟದ ಹೋರಿ ಹೆಂಗೆ ಆರಿಸ್ತೀವಿ? ಕರ್ಪೂರ ಹಚ್ಚಿ ಕಬ್ಬು ಇಡ್ತೀವಿ. ಯಾವ ಹೋರಿ ಮೊದಲು ಬಾಯಿ ಹಾಕ್ತದೋ ಅದಕ್ಕೆ ಪಟ್ಟ. ನಿಮಗೂ ಅದೇ ಮಾಡಾಣ. ಮೇಲ್ಹೊಲಕ್ಕೊಂದು ಕಬ್ಬಿನ ಕಟ್ಟು, ಗದ್ದೆಗೊಂದು. ನಿಮ್ಮ ಹೋರಿ ಯಾವುದಕ್ಕೆ ಬಾಯಿ ಹಾಕ್ತದೋ ಅದು ಹಿರಿಯನಿಗೆ. ಹೋರಿ ಹೇಳಿದ್ಮೇಲೆ ಯಾರೂ ಮರುಮಾತಾಡಂಗಿಲ್ಲ."

"ಸೆರಿ ಸಾಮಿ," ಎಂದರು ಅಣ್ಣತಮ್ಮಂದಿರು, ಬಲು ಭಕ್ತಿಯಿಂದ.

ಮಾರನೆಯ ದಿನದಿಂದಲೇ ಕಾಳಿಮುತ್ತು ಹೋರಿಯನ್ನು ಮೇಲ್ಹೊಲಕ್ಕೆ ಕರೆದೊಯ್ದು ಕಬ್ಬು ತಿನ್ನಿಸತೊಡಗಿದ, ಆ ದಿಕ್ಕು ರೂಢಿಯಾಗಲಿ ಎಂದು. ಅವನು ಊಟಕ್ಕೆ ಹೋದ ಕೂಡಲೇ ಪೆರಿಯಸಾಮಿ ಅದನ್ನೇ ಗದ್ದೆಗೆ ಹೊಡೆದುಕೊಂಡು ಹೋಗಿ ಇನ್ನಷ್ಟು ಕಬ್ಬು ತುರುಕುತ್ತಿದ್ದ, ಅಣ್ಣನಿಗೆ ಗದ್ದೆಯೇ ಬೀಳಲಿ ಎಂದು. ಹೋರಿಯ ಹೊಟ್ಟೆ ಉಬ್ಬಿತು, ಸಗಣಿ ನೀರಾಯಿತು. ಕೊಟ್ಟಿಗೆ ಗುಡಿಸುವವಳು ಮೂಕಮ್ಮಾಳ್. ಅವಳಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಗುಡಿಸುತ್ತಲೇ ಎಲ್ಲ ತಿಳಿದುಕೊಂಡಳು. ಹೋರಿಯ ಕೊರಳು ನೇವರಿಸಿದಳು.

ಪಾಲಿನ ದಿನ ಬೆಳಗಾಗುವ ಮೊದಲೇ ಕಲಗಚ್ಚಿನ ಬಾನಿಯನ್ನು ಕೊಟ್ಟಿಗೆಯಿಂದ ಉರುಳಿಸಿಕೊಂಡು ಹೋಗಿ ತೋಟದ ಬಾಗಿಲಲ್ಲಿ ಇಟ್ಟಳು. ನೀರು ಹುಯ್ದು ನಾಲ್ಕು ಹಿಡಿ ರಾಗಿ ಹಿಟ್ಟು ಕಲಸಿದಳು. ಒಂದು ಚಿಟಿಕೆ ಉಪ್ಪು.

ತೋಟದ ಮುಂದಿನ ಬಯಲಲ್ಲಿ ಊರೆಲ್ಲ ನೆರೆಯಿತು; ಮೇಲ್ಹೊಲದ ದಿಕ್ಕಿಗೊಂದು, ಗದ್ದೆಯ ದಿಕ್ಕಿಗೊಂದು ಕಬ್ಬಿನ ಕಟ್ಟು ಇಟ್ಟರು. ಕರ್ಪೂರ ಉರಿಯಿತು. ಹೋರಿ ಮೇಲ್ಹೊಲದ ಕಟ್ಟನ್ನು ಮೂಸಿ ಭುಸ್ಸೆಂದಿತು. ಗದ್ದೆಯ ಕಟ್ಟಿನ ಕಡೆ ನೋಡಿ, ಅದಕ್ಕೆ ಬೆನ್ನು ತಿರುಗಿಸಿ ಬಾಲ ಎತ್ತಿತು. ಪೆರಿಯಸಾಮಿ ಹಿಂದಕ್ಕೆ ಹಾರಿದ.

"ಇದು ಬೇಡ ಅಂತ ಹೇಳ್ತು!" ಎಂದು ಯಾರೋ ಕೂಗಿದರು.

"ನೀನು ಅದಕ್ಕೆ ಕಬ್ಬು ತಿನ್ಸಿದ್ಯಲ್ಡಾ!" ಎಂದ ಕಾಳಿಮುತ್ತು.

"ನಾನು ತಿನ್ಸಿದ್ದು ಅಲ್ಪ. ನೀನು ಆಲೆ ಗಾಣಕ್ಕೆ ಹಾಕ್ದಂಗೆ ಹಾಕ್ದೆ ಅಣ್ಣೋ!"

ಹೋರಿ ಇಬ್ಬರ ನಡುವೆ ನಡೆದು, ನೆಟ್ಟಗೆ ತೋಟದ ಬಾಗಿಲಿಗೆ ಹೋಗಿ, ಬಾನಿಗೆ ಮುಸುಡಿ ಅದ್ದಿತು. ತಳ ಕಾಣುವವರೆಗೆ ಕುಡಿಯಿತು. ಬಾನಿಯ ಪಕ್ಕ ಮೂಕಮ್ಮಾಳ್ ಸೆರಗು ಹೊದ್ದು ನಿಂತಿದ್ದಳು.

ಊರ ಹಿರಿಯ ಬಹಳ ಹೊತ್ತು ಅವಳನ್ನೇ ನೋಡಿದ. ಅವಳು ನೆಲ ನೋಡಿದಳು.

"ಹೋರಿ ಹೇಳ್ತು," ಎಂದ ಆತ ಕಡೆಗೆ. "ತೋಟ ಒಡೆಯಂಗಿಲ್ಲ, ತಾಯನ್ನೂ ಒಡೆಯಂಗಿಲ್ಲ. ಆಯಮ್ಮ ಇರೋವರೆಗೂ ತೋಟ ಆಯಮ್ಮಂದು. ಹೊಲ ಗದ್ದೆ ಎರಡನ್ನೂ ಬೇಡ ಅಂದದೆ, ಮಲೆ ನೀರು ಬರೋವರೆಗೂ ಕೂಡೇ ಉಣ್ರಿ."

ಅಣ್ಣತಮ್ಮಂದಿರು ಬಾಯಿ ತೆರೆದರು. ಮರುಮಾತಾಡುವುದಿಲ್ಲ ಎಂದು ಒಪ್ಪಿದ್ದು ನೆನಪಾಗಿ ಮುಚ್ಚಿದರು.

ಮೂಕಮ್ಮಾಳ್ ಅಂದೇ ಗುಡಿಸಲು ಸಾರಿಸಿ ಮೂರು ಕಲ್ಲು ಹೂಡಿದಳು. ಸಂಜೆ ಅನ್ನ ಕುದಿಯುತ್ತಿರುವಾಗ ಬಾಗಿಲಲ್ಲಿ ಕೆಮ್ಮು ಕೇಳಿತು. ಮುತ್ತಯ್ಯ ಗೌಂಡರು, ಬಗಲಲ್ಲಿ ಚಾಪೆ.

"ಏ ಮೂಕೀ," ಎಂದರು. "ಎಲ್ಲಾದಕ್ಕೂ ತೀರ್ಪಾಯ್ತಲ್ಲ, ನಾನು ಯಾರ ಪಾಲಿಗೆ ಅಂತ ಯಾರೂ ಹೇಳ್ಲಿಲ್ಲ. ಮಕ್ಕಳನ್ನ ಕೇಳ್ದೆ. 'ನೀವು ಸಾಯ್ತೀನಿ ಅಂದಿದ್ರಲ್ಲಪ್ಪಾ' ಅಂದ್ರು."

ಅವಳು ಒಲೆಯ ಉರಿ ತಗ್ಗಿಸಿದಳು. ಹೊರಗೆ ಹೋಗಿ, ಬೆಳಗ್ಗೆ ಹೋರಿ ಬಾಯಿ ಹಾಕದೆ ಉಳಿದಿದ್ದ ಕಬ್ಬಿನ ಒಂದು ಗಿಣ್ಣು ಮುರಿದು ತಂದು ಹೊಸಿಲ ಮೇಲಿಟ್ಟು, ಗಂಡನ ಮುಖ ನೋಡಿದಳು.

ಗೌಂಡರ ಬಾಯಲ್ಲಿ ಉಳಿದಿದ್ದದ್ದು ಎರಡೋ ಮೂರೋ ಹಲ್ಲು. ಅವರು ಕಬ್ಬನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಚಾಪೆ ಕೆಳಗಿಟ್ಟು, ಮೆಲ್ಲಗೆ ಕೂತು, ಕಬ್ಬು ಎತ್ತಿ ಅದಕ್ಕೆ ಬಾಯಿ ಹಾಕಿದರು.