ಧಾತ್ರಿಯೇ ಹೇಳಲಿ

ಆ ತಾಯಿಯ ಕೈ ಸದಾ ಮಗಳ ಮೊಣಕಾಲಿನ ಮೇಲಿರುತ್ತಿತ್ತು. ಧಾತ್ರಿಯ ಕಾಲು ಅಲುಗಾಡಿದೊಡನೆ ಆ ಕೈ ಒತ್ತಿ ಹಿಡಿಯುತ್ತಿತ್ತು. ಹದಿನಾಲ್ಕರ ಹುಡುಗಿಗೆ ಎಡಿಎಚ್‌ಡಿ. ಗಮನ ಒಂದು ಕಡೆ ನಿಲ್ಲದು, ಮೈ ಸುಮ್ಮನಿರದು. ಚಿಕಿತ್ಸೆಗೆಂದು ನನ್ನ ಬಳಿ ಬರುತ್ತಿದ್ದಳು. ಬೇಗ ಸುಧಾರಿಸದಿದ್ದರೆ ಟಿ.ಸಿ. ಕೊಟ್ಟು ಕಳಿಸುವುದಾಗಿ ಶಾಲೆಯವರು ಹೇಳಿಬಿಟ್ಟಿದ್ದರು. ಅದನ್ನು ಕೇಳಿ ನನಗೆ ಮೈ ಉರಿದಿತ್ತು. ಏನೇ ಆಗಲಿ, ಈ ಹುಡುಗಿಯನ್ನು ಶಾಲೆ ಬಿಡಿಸಲು ಬಿಡುವುದಿಲ್ಲವೆಂದು ಹಟ ತೊಟ್ಟಿದ್ದೆ.

ನಮ್ಮೂರಲ್ಲಿ ಡಾಕ್ಟರ ಮುಂದೆ ಮಕ್ಕಳು ಬಾಯಿ ತೆರೆಯುವ ಪದ್ಧತಿಯಿಲ್ಲ. ಹೊಟ್ಟೆನೋವು ಮಗುವಿನದಾದರೂ ವರದಿ ತಾಯಿಯದೇ. "ನಿದ್ದೆ ಚೆನ್ನಾಗಿ ಬರುತ್ತಾ ಧಾತ್ರಿ?" ಎಂದು ನಾನು ಕೇಳಿದರೆ ತಾಯಿ ಶಶಿರೇಖಾ, "ಎಲ್ಲಿ ಮೇಡಂ, ಬರೀ ಹೊರಳಾಡ್ತಾಳೆ" ಎನ್ನುತ್ತಿದ್ದರು. ನನಗೂ ಅದು ಸಹಜವೇ ಆಗಿಹೋಗಿತ್ತು.

ಆಗಷ್ಟೇ ನಮ್ಮ ಚಿಕಿತ್ಸಾಲಯಕ್ಕೆ ಕೃತಕ ಬುದ್ಧಿಮತ್ತೆಯ ಸಾಧನವೊಂದು ಬಂದಿತ್ತು. ಮನೆಯವರ ಒಪ್ಪಿಗೆ ಪಡೆದು ನಮ್ಮ ಮಾತುಕತೆ ಕೇಳಿಸಿದರೆ, ಸಾರಾಂಶ ಬರೆದು, ನಾವು ಗಮನಿಸಬೇಕಾದದ್ದನ್ನು ಸೂಚಿಸುತ್ತಿತ್ತು. "ನನಗೆ ಪಾಠ ಹೇಳೋಕೆ ಇದೊಂದು ಬಾಕಿಯಿತ್ತು!" ಎಂದು ಗೊಣಗುತ್ತಲೇ ಧಾತ್ರಿಯ ಭೇಟಿಯ ಸಾರಾಂಶ ಓದಿದೆ. ಧಾತ್ರಿ ಉತ್ತರಿಸಲು ತೊಡಗಿದಾಗಲೆಲ್ಲ ತಾಯಿಯೇ ಮಾತು ಮುಗಿಸುತ್ತಾರೆ, ಆಮೇಲೆಯೇ ಹುಡುಗಿ ವಿಷಯ ಬಿಟ್ಟು ಬೇರೇನೋ ಹೇಳತೊಡಗುತ್ತಾಳೆ, ಅವಳಿಗೇ ಮಾತು ಮುಗಿಸಲು ಬಿಟ್ಟು ನೋಡಬಹುದೆ ಎಂದು ಅದು ಬರೆದಿತ್ತು. ಅಯ್ಯೋ ದೇವರೇ, ನನ್ನ ಕಣ್ಣೆದುರಿಗೇ ನಡೆಯುತ್ತಿತ್ತಲ್ಲ!

ಇದನ್ನು ಹೇಳಿದಾಗ ಶಶಿರೇಖಾ ಸಿಡಿದೆದ್ದರು. "ಮಿಷನ್‌ಗೇನು ಗೊತ್ತು ಮೇಡಂ? ಇವಳು ಏನಾದ್ರೂ ಒದರಿದ್ರೆ ಜನ ನಗ್ತಾರೆ. ಅದನ್ನ ನೋಡಬೇಕಾದೋಳು ನಾನು." ಮಾತು ಮುಗಿಯುವ ಮೊದಲೇ ಅಳು ಒತ್ತರಿಸಿ ಬಂತು. ಮಗಳ ಮೊಣಕಾಲಿನ ಮೇಲಿದ್ದ ಕೈ ಇನ್ನೂ ಬಿಗಿಯಾಯಿತು. ನನಗೆ ಕನಿಕರವೆನಿಸಿತು, ಆದರೂ ಬಿಡಲಿಲ್ಲ.

"ನಗಲಿ ಬಿಡಿ. ಶಾಲೇಲಿ ಒಂದೇ ಒಂದು ಸಲ ಅವಳೇ ಮಾತಾಡ್ಲಿ. ನಾನೂ ಬರ್ತೀನಿ."

ಮರುದಿನ ಮೂವರೂ ಶಾಲೆಗೆ ಹೋದೆವು. "ಏನಮ್ಮ ನಿನ್ನ ತೊಂದರೆ?" ಎಂದು ಹೆಡ್‌ಮಿಸ್ ಕೇಳಿದರು. ಶಶಿರೇಖಾ ಏನೋ ಹೇಳಹೊರಟು, ನನ್ನ ಮುಖ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಧಾತ್ರಿ ಫ್ಯಾನು ನೋಡಿದಳು, ಗೋಡೆಯ ನಕ್ಷೆ ನೋಡಿದಳು.

"ಕೂತ್ರೆ ನನ್ನ ಕಾಲು ಪಾಠ ಕೇಳೋಕೆ ಬಿಡಲ್ಲ ಮಿಸ್" ಎಂದಳು. "ಕ್ಲಾಸಲ್ಲಿ ಹಿಂದೆ ಕಿಟಕಿ ಹತ್ರ ಜಾಗ ಇದೆ. ಅಲ್ಲಿ ನಿಂತ್ಕೊಂಡು ಕೇಳ್ಲಾ? ಯಾರಿಗೂ ಅಡ್ಡ ಬರಲ್ಲ. ಈ ಶಾಲೆ ಬಿಡೋಕೆ ನನಗೆ ಇಷ್ಟ ಇಲ್ಲ."

ಹೆಡ್‌ಮಿಸ್ ಕುರ್ಚಿಯಿಂದ ಎದ್ದರು. "ನಡಿ, ಆ ಜಾಗ ತೋರಿಸು."

ಧಾತ್ರಿ ಓಡುನಡಿಗೆಯಲ್ಲಿ ಮುಂದೆ ಹೋದಳು. ದೊಡ್ಡವರು ಮೂವರೂ ಏದುಸಿರು ಬಿಡುತ್ತ ಅವಳ ಹಿಂದೆ ನಡೆದೆವು.