ಹದ ಮಾಡಿಟ್ಟ ನೀರು

ಅಕ್ಕಿಯನ್ನು ಎರಡನೇ ನೀರಿನಲ್ಲಿ ತೊಳೆಯುತ್ತಿದ್ದ ವಿಮಲಮ್ಮ ಸರಕ್ಕನೆ ಕೈ ಹಿಂದಕ್ಕೆಳೆದುಕೊಂಡಳು. ತಿರುಗಿಸಿದ್ದು ತಣ್ಣೀರಿನ ನಲ್ಲಿ, ಬರುತ್ತಿದ್ದದ್ದು ಸುಡುನೀರು. ಪಾತ್ರೆಯೊಳಗೆ ಅಕ್ಕಿ ಆಗಲೇ ಬೆಳ್ಳಗೆ ಉಬ್ಬತೊಡಗಿತ್ತು.

ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ನಡುಮನೆಗೆ ಬಂದು ಗೋಡೆ ಮುಟ್ಟಿದಳು. ಬೆಚ್ಚಗಿತ್ತು. ಇಡೀ ಗೋಡೆಯಲ್ಲ, ನೆಲದ ಮೇಲೆ ಕೂತ ಗಂಡಸಿನ ಬೆನ್ನು ಒರಗುವಷ್ಟು ಜಾಗ ಮಾತ್ರ.

ಅದು ಅವಳ ಗಂಡ ಕಾಂತರಾಜ್ ಕೂರುತ್ತಿದ್ದ ಜಾಗ. ಅವಳು ಅಡುಗೆಮನೆ ಸೇರಿದರೆ ಸಾಕು, ಇಲ್ಲಿ ಒರಗಿ ಪೇಪರ್ ಬಿಡಿಸುವವನು. ಹನ್ನೆರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಸ್ನಾನ ಮುಗಿಸಿ, ಭದ್ರಾವತಿಯ ಅಣ್ಣನ ಮನೆಗೆ ಹೋಗಿಬರುತ್ತೇನೆಂದು ವಿದ್ಯಾನಗರದ ಈ ಮನೆಯಿಂದ ಹೊರಟವನು ಅಲ್ಲಿಗೂ ಮುಟ್ಟಲಿಲ್ಲ, ಇಲ್ಲಿಗೂ ಬರಲಿಲ್ಲ. ಊರಲ್ಲಿ ಹುಡುಕಿದರು, ಹೊಳೆಯಲ್ಲಿ ಹುಡುಕಿದರು. ಒಂದು ಚಪ್ಪಲಿಯೂ ಸಿಗಲಿಲ್ಲ.

ಕಾಣೆಯಾದವರಿಗೆ ಹನ್ನೆರಡು ವರ್ಷ ಕಳೆದರೆ ದರ್ಭೆಯ ಗೊಂಬೆ ಮಾಡಿ, ಅದನ್ನೇ ಹೆಣವೆಂದು ಬಗೆದು ಸುಟ್ಟು ಕರ್ಮ ಮುಗಿಸುವುದು ಪದ್ಧತಿ. ಕಾಂತರಾಜನ ಅಣ್ಣ ಪುಟ್ಟಯ್ಯ ಯುಗಾದಿಗೇ ಬಂದು ಹೇಳಿ ಹೋಗಿದ್ದ. "ಫೋನಲ್ಲಿ ಹೂಂ ಅಂದ್ರೆ ಆಗಲ್ಲ ವಿಮಲಾ. ಕೈಯಾರೆ ಬರೆದು ಕಳಿಸು. ಬದುಕಿರೋ ತಮ್ಮನಿಗೆ ಕೊಳ್ಳಿ ಇಟ್ಟ ಅಂತ ನಾಳೆ ನನ್ನ ಯಾರೂ ಅನ್ನಬಾರದು."

ಅವಳು ಒಪ್ಪಿಗೆ ಬರೆದಳು. ಲಕೋಟೆ ಅಂಟಿಸಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದಳು. ನಾಳೆ ಹಾಕಿದರಾಯಿತು ಅಂದುಕೊಳ್ಳುವಷ್ಟರಲ್ಲಿ ಗೋಡೆ ಬೆಚ್ಚಗಾಗತೊಡಗಿತು. ಅದೂ ಹೇಗೆ, ಅವಳು ಅಡುಗೆಮನೆಯಲ್ಲಿ ಪಾತ್ರೆ ತೊಳೆಯಲು ನಿಂತರೆ ಬಿಸಿ ಏರುವುದು. ಕೆಲಸ ಮುಗಿದ ಮೇಲೆ ಮೆಲ್ಲಗೆ ಆರುವುದು, ಯಾರೋ ಈಗಷ್ಟೇ ಎದ್ದುಹೋದ ಹಾಗೆ. ಯಾರಿಗೂ ಹೇಳಲಿಲ್ಲ. ಸಂಜೆ ಹೊತ್ತು ಹೋಗಿ ಆ ಗೋಡೆಯ ಪಕ್ಕ ಕೂರುವುದು ರೂಢಿಯಾಯಿತು. ಬೆನ್ನಿಗೆ ಬಿಸಿ ತಾಗುತ್ತಿರುವಾಗ ಸತ್ತನೆಂದು ಬರೆದದ್ದನ್ನು ಹೇಗೆ ಕಳಿಸುವುದು?

ಇಷ್ಟು ದಿನ ನಲ್ಲಿಯ ನೀರು ಬರೀ ಬೆಚ್ಚಗಿರುತ್ತಿತ್ತು, ಬಿಸಿಲಿಗೆ ಎಂದುಕೊಂಡಿದ್ದಳು. ಈಗ ಕೈ ಸುಟ್ಟ ಮೇಲೆ ಪ್ಲಂಬರ್ ಜ್ಞಾನೇಶನನ್ನು ಕರೆಯದೆ ವಿಧಿಯಿರಲಿಲ್ಲ.

"ಸೋಲಾರ್ ಯಾವಾಗ ಹಾಕ್ಸಿದ್ದು ಅಮ್ಮ?" ಅವನು ನಲ್ಲಿ ಬಿಟ್ಟು, ಗೋಡೆ ಮುಟ್ಟಿ ನೋಡಿ ಕೇಳಿದ.

"ಯುಗಾದಿ ಕಳೆದ್ಮೇಲೆ."

"ಹಾಗಾದ್ರೆ ದೆವ್ವ ಗಿವ್ವ ಅಲ್ಲ ಬಿಡಿ" ಎಂದು ನಕ್ಕ. ವಿಮಲಮ್ಮ ನಗಲಿಲ್ಲ.

ಮೊದಲು ಅವನು ತಾರಸಿ ಹತ್ತಿ, ನೀರು ಹಿಂದಕ್ಕೆ ಬರದಂತೆ ತಡೆಯುವ ವಾಲ್ವ್ ಬದಲಿಸಿದ. ನಲ್ಲಿ ಬಿಟ್ಟರೆ ಮತ್ತೆ ಬಿಸಿನೀರೇ. ಸೋಲಾರಿನ ವಾಲ್ವ್ ಪೂರ್ತಿ ಮುಚ್ಚಿದ, ತಣ್ಣೀರು ಬಂತು. ತೆರೆದ, ಬಿಸಿ. ತಲೆ ಕೆರೆದುಕೊಂಡು ಇಳಿದು ಬಂದ.

"ಬಿಸಿದೂ ತಣ್ಣಂದೂ ಒಳಗೆಲ್ಲೋ ಕೂಡ್ತಾ ಇದೆ. ಈ ಗೋಡೆ ಆಚೆ ಏನಿದೆ?"

"ಬಚ್ಚಲು. ಬೀಗ ಹಾಕಿದೀನಿ, ಹಿತ್ತಲದ್ದೇ ಬಳಸೋದು. ಇಲ್ಲಿ ಯಾರೂ ಹೋಗಲ್ಲ ಮಾರಾಯ."

"ಜನ ಹೋಗಲ್ಲ ಅಂದ್ರೆ ನೀರೂ ಹೋಗಲ್ವಾ? ಬೀಗ ತೆಗೀರಿ."

ಬಾಗಿಲು ಕಿರುಗುಟ್ಟಿ ತೆರೆದಾಗ ಒಳಗಿನಿಂದ ಬಿಸಿಗಾಳಿ ಅವಳ ಮುಖಕ್ಕೆ ಬಡಿಯಿತು. ಈಗಷ್ಟೇ ಯಾರೋ ಮಿಂದು ಎದ್ದ ಬಚ್ಚಲಿನ ಗಾಳಿ. ನೆಲ ಮಾತ್ರ ಒಣಗಿತ್ತು. ಡಬ್ಬಿಯಲ್ಲಿ ಸೋಪು ಬಿರುಕು ಬಿಟ್ಟು ಕೂತಿತ್ತು.

ಜ್ಞಾನೇಶ ಮೊಬೈಲಿನ ಬೆಳಕು ಹಾಯಿಸಿದ. "ಸಿಕ್ತು ನೋಡಿ. ಎರಡು ನಲ್ಲೀನೂ ತೆರೆದಿದೆ, ಕೈ ಷವರಿನ ತುದಿ ಮಾತ್ರ ಮುಚ್ಚಿದೆ. ನೀವು ಅಡುಗೆಮನೇಲಿ ನೀರು ಬಿಟ್ಟಾಗೆಲ್ಲ ಸೋಲಾರ್ ನೀರು ಇಲ್ಲಿಂದ ದಾಟಿ ತಣ್ಣೀರಿನ ಪೈಪಿಗೆ ನುಗ್ಗತ್ತೆ. ಪೈಪ್ ಬಾಗೋ ಜಾಗದಲ್ಲಿ ಗೋಡೆ ಕಾಯತ್ತೆ. ಮೊದ್ಲು ಈ ಲೈನ್ ಯಾವುದಕ್ಕಿತ್ತು?"

"ಸೌದೆ ಬಾಯ್ಲರಿಗೆ. ಅವರು ಹೋದ್ಮೇಲೆ ಅದಕ್ಕೆ ಬೆಂಕಿ ಹಾಕಿಲ್ಲ."

"ಅದಕ್ಕೇ ಗೊತ್ತಾಗಿಲ್ಲ. ಸೋಲಾರ್‌ನೋರು ಹಳೇ ಲೈನಿಗೇ ಜೋಡ್ಸಿ ಹೋಗಿದಾರೆ. ಯಾರಮ್ಮ ಹೀಗೆ ಎರಡೂ ತೆರೆದು ಬಿಟ್ಟಿದ್ದು?"

ಅವಳಿಗೆ ಗೊತ್ತಿತ್ತು. ಕಾಂತರಾಜ್ ನಲ್ಲಿಗಳನ್ನು ಎಂದೂ ಮುಚ್ಚಿದವನಲ್ಲ. ಬಿಸಿ ಇಷ್ಟು, ತಣ್ಣೀರು ಇಷ್ಟು ಎಂದು ಕೂಡಿಸಿ ಹದ ಮಾಡಿಟ್ಟು, ಮಿಂದ ಮೇಲೆ ಷವರಿನ ತುದಿಯ ಗುಂಡಿಯನ್ನಷ್ಟೇ ಒತ್ತಿ ಬರುವನು. "ನನ್ನ ಹದ ಕೆಡಿಸ್ಬೇಡ್ವೇ. ನಾಳೆ ಬಂದ್ರೆ ಮತ್ತೆ ಮೊದ್ಲಿಂದ ಮಾಡ್ಬೇಕು." ಹೊರಟ ದಿನವೂ ನಾಳೆಗೆಂದು ಹದ ಇಟ್ಟೇ ಹೋಗಿದ್ದ.

"ಈಚೆಗೆ ಯಾರಾದ್ರೂ ಬಂದು ತಿರುಗಿಸಿರಬಹುದಾ?" ಕೇಳಿದ ದನಿ ಅವಳಿಗೇ ಬೇರೆಯವರದ್ದೆನಿಸಿತು.

ಜ್ಞಾನೇಶ ನಲ್ಲಿ ಹಿಡಿದು ತಿರುಚಿದ. ಅದು ಅಲುಗಲಿಲ್ಲ. "ಎಲ್ಲಿಂದ ಅಮ್ಮ. ಹಸಿರುಗಟ್ಟಿ ಕಲ್ಲಾಗಿದೆ. ವರ್ಷಗಟ್ಲೆ ಒಬ್ರೂ ಮುಟ್ಟಿಲ್ಲ." ಎಣ್ಣೆ ಬಿಟ್ಟು, ಸ್ಪಾನರಿನಿಂದ ಎರಡನ್ನೂ ಒಂಚೂರು ಸಡಿಲಿಸಿದ.

"ಇರು. ನಾನು ಮುಚ್ತೀನಿ."

ತಣ್ಣೀರಿನದ್ದು ಸುಲಭವಾಗಿ ತಿರುಗಿತು. ಬಿಸಿಯದ್ದನ್ನು ಎರಡೂ ಕೈಯಿಂದ ಹಿಡಿದು ತಿರುಗಿಸುತ್ತಿದ್ದಂತೆ ಗೋಡೆಯೊಳಗೆ ಯಾರೋ ಉದ್ದಕ್ಕೆ ಉಸಿರೆಳೆದ ಸದ್ದಾಗಿ, ಗಂಟಲಲ್ಲಿ ಗೊರಗೊರ ಎಂದು ನಿಂತುಹೋಯಿತು.

"ಪೈಪಲ್ಲಿರೋ ಗಾಳಿ ಅಷ್ಟೇ" ಎಂದ ಜ್ಞಾನೇಶ. ಅಂದವನು ಆಗಲೇ ಹೊಸ್ತಿಲ ಆಚೆ ನಿಂತಿದ್ದ.

ಅವನು ಹೋದ ಮೇಲೆ ವಿಮಲಮ್ಮ ಗೋಡೆಯ ಮೇಲೆ ಅಂಗೈಯಿಟ್ಟು ಕೂತಳು. ಹೆಣದ ಪಕ್ಕ ಕೂರುವುದು ಅವಳ ಪಾಲಿಗೆ ಬಂದಿರಲಿಲ್ಲ. ಮೊದಲು ಕೆಳಗಡೆ ಆರಿತು, ಆಮೇಲೆ ನಡುವಿನ ಭಾಗ. ಕತ್ತು ತಾಗುವ ಕಡೆ ಬಹಳ ಹೊತ್ತು ಉಗುರುಬೆಚ್ಚಗೆ ಉಳಿದಿತ್ತು. ಅದೂ ಆರಿತು. ಅವಳು ಎದ್ದು ಹೋಗಿ ಅಡುಗೆಮನೆಯ ನಲ್ಲಿಯನ್ನು ಧಾರಾಳವಾಗಿ ಬಿಟ್ಟು, ಮತ್ತೆ ಬಂದು ಮುಟ್ಟಿ ನೋಡಿದಳು. ಗೋಡೆ ಕಲ್ಲಿನಂತೆ ತಣ್ಣಗಿತ್ತು.

ಅಂಚೆ ಕಚೇರಿ ಮುಚ್ಚುವ ಹೊತ್ತು ಹತ್ತಿರವಾಗಿತ್ತು. ಕೌಂಟರಿನ ಹುಡುಗಿ ಲಕೋಟೆ ತಿರುಗಿಸಿ ನೋಡಿದಳು. "ಭದ್ರಾವತಿಗಾ ಅಜ್ಜಿ? ಇಲ್ಲೇ ಪಕ್ಕದಲ್ಲಿ, ಒಂದು ಫೋನ್ ಮಾಡಿದ್ರೆ ಮುಗೀತಿತ್ತು."

"ಇಲ್ಲಮ್ಮ, ಇದು ಬರೆದೇ ಹೇಳೋ ಮಾತು. ಸ್ಪೀಡ್ ಪೋಸ್ಟ್ ಮಾಡು."

ಹುಡುಗಿ ಚೀಟಿ ಅಂಟಿಸಿ, ಮೊಹರು ಒತ್ತಿ, ಲಕೋಟೆಯನ್ನು ಹಿಂದಿದ್ದ ಚೀಲಕ್ಕೆ ಹಾಕಿದಳು.